ಅಮ್ಮಿಯ ಬಾಯಲ್ಲಿದ್ದ ಕಲ್ಲು

ನಮ್ಮ ಮನೆಯಲ್ಲಿ ಪಥ್ರಿ, ಅಂದರೆ ಕಲ್ಲು, ಎಂದರೆ ಎಲ್ಲರಿಗೂ ಗೊತ್ತಿದ್ದುದು ಕಿಡ್ನಿಯ ಕಲ್ಲು. ಜೊಲ್ಲು ಬರುವ ದಾರಿಯಲ್ಲಿಯೂ ಕಲ್ಲು ಆಗುತ್ತದೆ ಎಂದು ತಿಳಿದದ್ದು ಕಳೆದ ರಂಜಾನ್ ತಿಂಗಳಲ್ಲಿ.

ಇಫ್ತಾರ್‌ನಲ್ಲಿ ನಿಂಬೆ ಶರಬತ್ತು ಕುಡಿದ ಕೂಡಲೇ ಅಮ್ಮಿಯ ಬಲಗಡೆ ದವಡೆಯ ಕೆಳಗೆ ಬಾವು ಬರುತ್ತಿತ್ತು. ತಾಸಿನಲ್ಲಿ ತಾನಾಗಿಯೇ ಇಳಿಯುತ್ತಿತ್ತು. ಹಲ್ಲಿನ ಡಾಕ್ಟರು ನೋಡಿ, "ಹಲ್ಲು ಸರಿಯಾಗಿದೆ, ಇದು ಜೊಲ್ಲಿನ ಗ್ರಂಥಿಯ ತೊಂದರೆ" ಎಂದರು. ಸ್ಕ್ಯಾನ್ ಮಾಡಿಸಿದಾಗ 3 ಮಿಲಿಮೀಟರ್‌ನ ಕಲ್ಲು ಕಂಡಿತು.

ರೋಜಾ ಇಟ್ಟಿದ್ದರಿಂದ ಹೀಗಾಯಿತೇ ಎಂದು ನಾನಿ ಹೆದರಿದರು. ಇಂಥ ಕಲ್ಲು ನಿಧಾನವಾಗಿ ಬೆಳೆಯುತ್ತದೆ, ಕೆಲವು ದಿನಗಳಲ್ಲಿ ಆಗುವುದಲ್ಲ ಎಂದು ಡಾಕ್ಟರು ಹೇಳಿದ್ದನ್ನು ನಾನು ಉರ್ದುವಿನಲ್ಲಿ ತಿಳಿಸಿದೆ. ಜೊಲ್ಲಿನ ಕಲ್ಲುಗಳಲ್ಲಿ ಸುಮಾರು ಶೇ. 80ರಷ್ಟು ಆಗುವುದು ದವಡೆಯ ಕೆಳಗಿನ ಗ್ರಂಥಿಯಲ್ಲೇ. ಅಲ್ಲಿನ ಜೊಲ್ಲು ಮಂದ, ನಾಳ ಉದ್ದ, ಅದೂ ಮೇಲಕ್ಕೆ ಹರಿಯಬೇಕು. ಅದರಲ್ಲಿನ ಕ್ಯಾಲ್ಸಿಯಂ ಗಟ್ಟಿಯಾಗಿ ಕಲ್ಲಾಗುತ್ತದೆ. ಹುಳಿ ತಿಂದರೆ ಜೊಲ್ಲು ಉಕ್ಕುತ್ತದೆ. ದಾರಿ ಕಟ್ಟಿದ್ದರೆ ಗ್ರಂಥಿ ಊದುತ್ತದೆ.

ಮೊದಲು ತೋರಿಸಿದ ಕಡೆ, ಕುತ್ತಿಗೆ ಕೊಯ್ದು ಗ್ರಂಥಿಯನ್ನೇ ತೆಗೆಯಬೇಕು ಎಂದರು. ಕೆಳತುಟಿಯನ್ನು ಆಡಿಸುವ ನರ ಅದರ ಹತ್ತಿರವೇ ಹೋಗುತ್ತದೆ, ಅದಕ್ಕೆ ಪೆಟ್ಟಾಗುವ ಸಂಭವವಿದೆ ಎಂದು ಕೇಳಿ ಅಮ್ಮಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆಗ ಅಬ್ಬಾ ಇನ್ನೊಬ್ಬ ಇಎನ್‌ಟಿ ಡಾಕ್ಟರನ್ನು ಕೇಳಿದರು: "ಗ್ರಂಥಿ ಉಳಿಸಿಕೊಂಡು ಕಲ್ಲು ಮಾತ್ರ ತೆಗೆಯಲು ಆಗುವುದಿಲ್ಲವೇ?"

ಆಗುತ್ತದೆ ಎಂಬ ಉತ್ತರ ಬಂತು. ಅದರ ಹೆಸರು ಸಯಲೆಂಡೋಸ್ಕೋಪಿ. 1990ರ ದಶಕದಲ್ಲಿ ಇದನ್ನು ಬೆಳೆಸಿದವರಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾದ ಡಾಕ್ಟರ್ ಫ್ರಾನ್ಸಿಸ್ ಮಾರ್ಶಲ್ ಒಬ್ಬರು. ನಾಲಿಗೆಯ ಕೆಳಗೆ ನಾಳದ ಬಾಯಿ ಇರುತ್ತದೆ. ಅದನ್ನು ಸ್ವಲ್ಪ ಅಗಲಿಸಿ, ಒಂದು ಮಿಲಿಮೀಟರ್‌ ಆಸುಪಾಸಿನ ದಪ್ಪದ ದುರ್ಬೀನನ್ನು ಒಳಗೆ ಬಿಡುತ್ತಾರೆ. ಕಲ್ಲನ್ನು ಪರದೆಯ ಮೇಲೆ ನೋಡುತ್ತಾ, ತಂತಿಯ ಪುಟ್ಟ ಬುಟ್ಟಿಯಲ್ಲಿ ಹಿಡಿದು ಎಳೆಯುತ್ತಾರೆ. ಸುಮಾರು 4 ಮಿಲಿಮೀಟರ್‌ವರೆಗಿನ ಕಲ್ಲು ಹೀಗೆ ಬರಬಹುದು. ದೊಡ್ಡದಾದರೆ ಲೇಸರ್‌ನಿಂದ ಒಡೆಯುತ್ತಾರೆ, ಇಲ್ಲವೇ ಬಾಯಿಯ ಒಳಗೇ ಸಣ್ಣದಾಗಿ ಕೊಯ್ದು ತೆಗೆಯುತ್ತಾರೆ.

ತಿಳವಳ್ಳಿಯಿಂದ ಹಾವೇರಿಗೆ ಬಸ್ಸು, ಅಲ್ಲಿಂದ ಬೆಂಗಳೂರಿಗೆ ರೈಲು. ಅಮ್ಮಿಯ ಕಲ್ಲು ಇಡಿಯಾಗಿಯೇ ಬಂತು. ಕುತ್ತಿಗೆಯ ಮೇಲೆ ಒಂದು ಗೆರೆಯೂ ಇಲ್ಲ.

ಕೆನ್ನೆ ಬಾತರೆ ನಮ್ಮಲ್ಲಿ ಮಂಗನಬಾವು ಅಥವಾ ಹಲ್ಲುನೋವು ಎಂದುಬಿಡುತ್ತೇವೆ. ಉಣ್ಣುವಾಗ ಬಂದು ಆಮೇಲೆ ಇಳಿಯುವ ಬಾವು ನಿಮ್ಮ ಮನೆಯಲ್ಲಿ ಯಾರಿಗಾದರೂ ಇದ್ದರೆ ಇಎನ್‌ಟಿ ಡಾಕ್ಟರಿಗೆ ತೋರಿಸಿ. ಜ್ವರ, ಕೀವು ಇದ್ದರೆ ತಡಮಾಡಬೇಡಿ. ಗ್ರಂಥಿ ತೆಗೆಯಬೇಕು ಎಂದರೆ, ಅಬ್ಬಾ ಕೇಳಿದ ಪ್ರಶ್ನೆಯನ್ನು ನೀವೂ ಕೇಳಿ.