ನಾರುಹುಳ ಬಿಟ್ಟುಹೋದ ಊರು

ಉತ್ತರ ಘಾನಾದ ತಮಾಲೆಯಿಂದ ಬೊಲ್ಗಟಂಗಾ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸವೆಲುಗು ಎಂಬ ಪಟ್ಟಣ ಸಿಗುತ್ತದೆ. ಅಲ್ಲಿಂದ ಕೆಮ್ಮಣ್ಣಿನ ಹಾದಿ ಹಿಡಿದು ಒಳಗೆ ಹೋದರೆ ದಗೊಂಬಾ ಜನರ ಹಳ್ಳಿಗಳು. ದುಂಡನೆಯ ಮಣ್ಣಿನ ಗೋಡೆ, ಹುಲ್ಲಿನ ಮಾಡು, ನಾಲ್ಕಾರು ಗುಡಿಸಲಿಗೆ ನಡುವೆ ಒಂದೇ ಅಂಗಳ. 2007ರಲ್ಲಿ ನಾನು ಸ್ವಯಂಸೇವಕಿಯಾಗಿ ಅಂಥದೊಂದು ಹಳ್ಳಿಗೆ ಹೋದಾಗ ಅಲ್ಲಿ ನಾರುಹುಳದ ಹಾವಳಿ ಜೋರಾಗಿತ್ತು. ಪಟ್ಟಣದ ನಲ್ಲಿನೀರು ಕೈಕೊಟ್ಟು ಜನ ಮತ್ತೆ ಕೆರೆಗೆ ಮರಳಿದ್ದರು. ಅದರ ಜೊತೆಗೆ ರೋಗವೂ ಮರಳಿತ್ತು.

ಆ ಸೀಮೆಯಲ್ಲಿ ಮಳೆಗಾಲ ಒಂದೇ, ಮೇ ತಿಂಗಳಿಂದ ಅಕ್ಟೋಬರ್‌ವರೆಗೆ. ಉಳಿದ ತಿಂಗಳಿಗೆ ಮಳೆನೀರು ತುಂಬಿಸಿಟ್ಟ ತೋಡುಗುಂಡಿಯೇ ಗತಿ. ಡ್ಯಾಮ್ ಎಂದು ಕರೆದರೂ ಅದು ನಮ್ಮ ಗೋಕಟ್ಟೆಯಷ್ಟೇ ದೊಡ್ಡದು. ದನ, ಮಕ್ಕಳು, ಕೊಡಗಳು ಎಲ್ಲವೂ ಅದಕ್ಕೇ ಇಳಿಯುತ್ತವೆ. ಡಿಸೆಂಬರಿನಲ್ಲಿ ಸಹಾರಾ ಕಡೆಯಿಂದ ಹರ್ಮಟಾನ್ ಗಾಳಿ ಬೀಸತೊಡಗಿದರೆ ಆಕಾಶವೆಲ್ಲ ಧೂಳು, ತುಟಿ ಒಡೆಯುತ್ತದೆ, ಗುಂಡಿಯ ನೀರು ದಿನದಿಂದ ದಿನಕ್ಕೆ ಕೆಳಗಿಳಿಯುತ್ತದೆ. ಹುಳ ಹೊರಬರುತ್ತಿದ್ದುದೂ ಅದೇ ದಿನಗಳಲ್ಲಿ.

ನಾರುಹುಣ್ಣಿನ ಹೆಸರು ನನಗೆ ಹೊಸದಲ್ಲ. ನಾನು ರಾಯಚೂರು ಸೀಮೆಯವಳು. ಮೆಟ್ಟಿಲುಬಾವಿಗೆ ಇಳಿದು ನೀರು ತರುತ್ತಿದ್ದ ಕಾಲದ ಕಲೆ ನಮ್ಮಜ್ಜನ ಮೀನಖಂಡದ ಮೇಲಿತ್ತು. ಭಾರತದ ಕೊನೆಯ ರೋಗಿ 1996ರ ಜುಲೈನಲ್ಲಿ ರಾಜಸ್ಥಾನದಲ್ಲಿ ಸಿಕ್ಕರು. 2000ದಲ್ಲಿ ದೇಶ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಕೊಂಡಿತು. ಆದರೂ ಹುಳವನ್ನು ನಾನು ಕಣ್ಣಾರೆ ಕಂಡದ್ದು ಘಾನಾದಲ್ಲೇ.

ಬೆಳಗು ಹರಿಯುವ ಮೊದಲೇ ಮಸೀದಿಯ ಕರೆ, ಆಮೇಲೆ ಗಿನಿಕೋಳಿಗಳ ಗಲಾಟೆ. ಕೆಲಸ ಶುರುವಾಗುವುದು ಯೋಗಕ್ಷೇಮದ ಮಾತಿನಿಂದ. ‘ದಸಿಬಾ’ ಎಂದು ಕುಕ್ಕರುಗಾಲಲ್ಲಿ ಕೂತು ಹೇಳಬೇಕು, ಹಿರಿಯರು ಮನೆ ಹೇಗಿದೆ, ಮಕ್ಕಳು ಹೇಗಿದ್ದಾರೆ, ನಿದ್ದೆ ಬಂತೇ ಎಂದು ಒಂದೊಂದಾಗಿ ಕೇಳುತ್ತಾರೆ, ಒಂದೊಂದಕ್ಕೂ ‘ನಾ’ ಎನ್ನಬೇಕು. ಇಷ್ಟು ಆಗದೆ ಅಲ್ಲಿ ಯಾರೂ ವಿಷಯಕ್ಕೆ ಬರುವುದಿಲ್ಲ. ಅವಸರದ ಅಧಿಕಾರಿಗಳ ಜೀಪು ಬಂದುಹೋದಾಗಲೆಲ್ಲ ಈ ಪದ್ಧತಿಯ ಬೆಲೆ ನನಗೆ ಇನ್ನಷ್ಟು ತಿಳಿಯುತ್ತಿತ್ತು.

ಅಲ್ಲಿಂದ ಕೆರೆದಂಡೆ. ಊರಿನ ಸ್ವಯಂಸೇವಕ ನನಗಿಂತ ಮೊದಲೇ ಅಲ್ಲಿರುತ್ತಿದ್ದ. ಜೋಳ, ಯಾಮ್ ಗೆಡ್ಡೆ ಬೆಳೆಯುವ ರೈತ, ಸಂಬಳವಿಲ್ಲದ ಕೆಲಸ. ನೀರಿಗೆ ಬಂದವರ ಕಾಲು ನೋಡುವುದು, ಬೊಬ್ಬೆ ಕಂಡರೆ ನೀರಿಗೆ ಇಳಿಯದಂತೆ ತಡೆದು ಬೇರೆಯವರಿಂದ ಕೊಡ ತುಂಬಿಸಿಕೊಡುವುದು. ಈ ರೋಗಕ್ಕೆ ಲಸಿಕೆಯಿಲ್ಲ, ಔಷಧಿಯಿಲ್ಲ. ಕೆರೆಯಲ್ಲಿ ಕಣ್ಣಿಗೆ ಕಾಣಿಸಿಯೂ ಕಾಣಿಸದಂತಿರುವ ನೀರುಚಿಗಟಗಳಿರುತ್ತವೆ, ಅವುಗಳ ಹೊಟ್ಟೆಯಲ್ಲಿ ಮರಿಹುಳ. ಆ ನೀರು ಕುಡಿದ ಸುಮಾರು ಒಂದು ವರ್ಷಕ್ಕೆ ಮೂರಡಿವರೆಗೆ ಬೆಳೆದ ಹೆಣ್ಣುಹುಳ ಕಾಲಲ್ಲಿ ಬೊಬ್ಬೆಯೆಬ್ಬಿಸಿ ಹೊರಬರುತ್ತದೆ. ಉರಿ ತಾಳಲಾರದೆ ರೋಗಿ ನೀರಿಗೆ ಕಾಲಿಟ್ಟರೆ ಹುಳ ಲಕ್ಷಾಂತರ ಮರಿಗಳನ್ನು ಅಲ್ಲಿ ಬಿಡುತ್ತದೆ. ಈ ಸುತ್ತನ್ನು ಎಲ್ಲಾದರೂ ಒಂದು ಕಡೆ ಕತ್ತರಿಸಬೇಕು, ಅಷ್ಟೇ ಉಪಾಯ.

ಕತ್ತರಿಸಿದ್ದು ಬಟ್ಟೆ. ಸಣ್ಣ ಕಣ್ಣಿನ ನೈಲಾನ್ ಸೋಸುಬಟ್ಟೆಯನ್ನು ಮಡಕೆಯ ಬಾಯಿಗೆ ಕಟ್ಟಿ ನೀರು ಹಾಕಬೇಕು. ಯಾವ ಮಗ್ಗುಲು ಮೇಲಿರಬೇಕೋ ಅದೇ ಮೇಲಿರಬೇಕು, ತಿರುವಿ ಕಟ್ಟಿದರೆ ನಿನ್ನೆ ಹಿಡಿದಿಟ್ಟದ್ದೆಲ್ಲ ಮಡಕೆಗೇ ಬೀಳುತ್ತದೆ. ಹೆಣ್ಣಾದ್ದರಿಂದ ನನಗೆ ಒಳಮನೆವರೆಗೂ ಪ್ರವೇಶವಿತ್ತು. ಬಟ್ಟೆ ಬಿಸಿಲಿಗೆ ಹಿಡಿದು ತೂತಿದೆಯೇ ನೋಡುತ್ತಿದ್ದೆ, ಹರಿದಿದ್ದರೆ ಬೇರೆ ಕೊಡುತ್ತಿದ್ದೆ. ಹೊಲಕ್ಕೆ ಹೋಗುವವರಿಗೆ, ದನಗಾಹಿ ಫುಲಾನಿ ಹುಡುಗರಿಗೆ ಕೊರಳಲ್ಲಿ ತೂಗುಹಾಕುವ ಕೊಳವೆಸೋಸು.

ಮೊದಮೊದಲು ಮುದುಕರು ಕೇಳುತ್ತಿರಲಿಲ್ಲ. ಹುಳ ಮನುಷ್ಯನ ರಕ್ತದಲ್ಲೇ ಇರುವಂಥದ್ದು, ತಾತನ ಕಾಲದಿಂದಲೂ ಬಂದದ್ದು, ನೀರಿಗೂ ಅದಕ್ಕೂ ಏನು ಸಂಬಂಧ ಎಂಬುದು ಅವರ ವಾದ. ಆ ಸ್ವಯಂಸೇವಕ ಒಂದು ಸಂಜೆ ಊರ ಮುಖ್ಯಸ್ಥರ ಅಂಗಳದಲ್ಲಿ, ಅವರು ಕೂರುವ ಚರ್ಮದ ಪೀಠದೆದುರು, ಬಟ್ಟೆಯಲ್ಲಿ ಉಳಿದದ್ದನ್ನು ಗಾಜಿನ ಬಾಟಲಿಯಲ್ಲಿ ಜಾಲಿಸಿ ಇಳಿಬಿಸಿಲಿಗೆ ಹಿಡಿದ. ಚುಕ್ಕೆಗಳು ಕುಪ್ಪಳಿಸುತ್ತಿದ್ದವು. ಒಬ್ಬ ಅಜ್ಜಿ ಬಾಟಲಿ ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. ಮರುದಿನ ಅವಳೇ ಸೊಸೆಯಂದಿರ ಮಡಕೆಗಳಿಗೆ ಬಟ್ಟೆ ಕಟ್ಟಿಸಿದಳು. ನಾನು ತಿಂಗಳುಗಟ್ಟಲೆ ಹೇಳಿದ್ದಕ್ಕಿಂತ ಆ ಬಾಟಲಿ ಹೆಚ್ಚು ಕೆಲಸ ಮಾಡಿತು.

ಕೆರೆಗೆ ಅಬೇಟ್ ಹಾಕುವಾಗಲೂ ಅನುಮಾನವಿತ್ತು. ನೀರಿನ ಉದ್ದ, ಅಗಲ, ಆಳ ಅಳೆದು ಲೆಕ್ಕಹಾಕಿ ಬೆರೆಸುವ ಕೀಟನಾಶಕ ಅದು, ಮನುಷ್ಯರಿಗೆ ಅಪಾಯವಿಲ್ಲ. ಸ್ವಯಂಸೇವಕ ಎಲ್ಲರೆದುರು ಅದೇ ನೀರು ಮೊಗೆದು, ಸೋಸಿ ಕುಡಿದ. ಆಮೇಲೆ ಯಾರೂ ಅಡ್ಡಬರಲಿಲ್ಲ.

ಕಷ್ಟದ ಹೊತ್ತು ಗಾಯ ಕಟ್ಟುವುದು. ಹೊರಬಂದ ಹುಳವನ್ನು ಗಾಜ್ ಬಟ್ಟೆಯ ಸುರುಳಿಗೆ ಸುತ್ತಿ ದಿನಕ್ಕೆ ಒಂದೆರಡು ಅಂಗುಲದಷ್ಟೇ ಎಳೆಯಬೇಕು. ತುಂಡಾದರೆ ಒಳಗೆ ಕೀವು, ಬಾವು. ಒಂದು ಹುಳ ಪೂರ್ತಿ ಬರಲು ವಾರಗಳೇ ಬೇಕು. ಚೀರುವ ಮಗುವನ್ನು ತಾಯಿ ತೊಡೆಯ ಮೇಲೆ ಅದುಮಿ ಹಿಡಿದಿರುತ್ತಿದ್ದಳು. ಆ ಚೀರಾಟ ಇವತ್ತಿಗೂ ನನಗೆ ನೆನಪಿಗೆ ಬಾರದಿದ್ದರೆ ಒಳ್ಳೆಯದು ಎನಿಸುತ್ತದೆ. ಗಂಡಸರಿಗೆ ಬಂದರೆ ಹೊಲ ಬೀಳು, ಮಕ್ಕಳಿಗೆ ಬಂದರೆ ಶಾಲೆ ನಿಂತಿತು.

ರಾತ್ರಿ ಊಟಕ್ಕೆ ಜೋಳದ ಹಿಟ್ಟನ್ನು ಗಟ್ಟಿಯಾಗಿ ತಿರುವಿದ ಟುವೊ ಝಾಫಿ, ಅಯೋಯೊ ಸೊಪ್ಪಿನ ಲೋಳೆಸಾರು. ಒಂದೇ ಬೋಗುಣಿಯ ಸುತ್ತ ಐದಾರು ಕೈ. ಶಿಯಾ ಮರದ ಕಾಯಿ ಆಯುವ ಕಾಲದಲ್ಲಿ ಹೆಂಗಸರು ನಸುಕಿಗೇ ಕಾಡಿಗೆ ಹೋಗಿಬಿಡುತ್ತಿದ್ದರು. ಆಗ ನಮ್ಮ ಮನೆಭೇಟಿ ಸಂಜೆಗೆ ಸರಿಯುತ್ತಿತ್ತು.

ಘಾನಾದಲ್ಲಿ 2007ರಲ್ಲಿ ಮೂರು ಸಾವಿರಕ್ಕೂ ಹೆಚ್ಚಿದ್ದ ರೋಗಿಗಳು 2008ರಲ್ಲಿ 501, 2009ರಲ್ಲಿ 242 ಆದರು. ಆ ವರ್ಷ ನಾನು ಹಿಂತಿರುಗಿದೆ. 2010ರಲ್ಲಿ ಎಂಟೇ ಮಂದಿ, ಆ ಮೇ ತಿಂಗಳ ನಂತರ ಒಬ್ಬರೂ ಇಲ್ಲ. 2015ರ ಜನವರಿಯಲ್ಲಿ ದೇಶಕ್ಕೆ ಮುಕ್ತಿಪತ್ರ ಸಿಕ್ಕಿತು.

ಆಮೇಲೆ ಆ ಊರಿಗೆ ಮತ್ತೆ ಹೋಗಿದ್ದೆ. ತಗಡಿನ ಮಾಡುಗಳು ಹೆಚ್ಚಿದ್ದವು. ಮೂರುಗಾಲಿಯ ಮೋಟರ್‌ಕಿಂಗ್ ಗಾಡಿಗಳು ನೀರಿನ ಡ್ರಮ್ ಹೊತ್ತು ಓಡುತ್ತಿದ್ದವು. ಅಂಗಡಿಯಲ್ಲಿ ಪ್ಯೂರ್ ವಾಟರ್ ಪೊಟ್ಟಣ. ಶಾಲೆಯ ಮಕ್ಕಳಿಗೆ ಹುಳದ ಚಿತ್ರ ತೋರಿಸಿದರೆ ಅವರಿಗೆ ಗುರುತೇ ಸಿಗಲಿಲ್ಲ. ನನಗೆ ಅದಕ್ಕಿಂತ ಸಂತೋಷದ ಸಂಗತಿ ಬೇರೆ ಇರಲಿಲ್ಲ. ಆದರೆ ಪೊಟ್ಟಣ ಕೊಳ್ಳಲಾಗದವರು ಅದೇ ಗುಂಡಿಗೆ ಇಳಿಯುತ್ತಿದ್ದರು. ಆ ಭಾಗದ ಬಂಡೆಯಲ್ಲಿ ಕೊಳವೆಬಾವಿ ಕೊರೆದರೆ ಬಹಳಷ್ಟು ಒಣಗಿಯೇ ಇರುತ್ತವೆ, ಕೆಲವು ಕಡೆ ಉಪ್ಪುನೀರು. ಹುಳವನ್ನು ಓಡಿಸಿದಷ್ಟೇ ಹಟದಿಂದ ಶುದ್ಧ ನೀರು ತರುವ ಕೆಲಸಕ್ಕೆ ಯಾರೂ ಇಳಿಯಲಿಲ್ಲ ಎಂಬುದು ನನ್ನ ದೂರು.

ಗೆದ್ದದ್ದು ಯಾರು ಎಂದರೆ ನಾನು ಹೊರಗಿನಿಂದ ಹೋದ ನಮ್ಮಂಥವರ ಹೆಸರು ಹೇಳಲಾರೆ. ದಿನವೂ ಕೆರೆದಂಡೆಯಲ್ಲಿ ನಿಂತ ರೈತರು, ಮನೆಮನೆ ತಿರುಗಿದ ರೆಡ್‌ಕ್ರಾಸ್ ಹೆಂಗಸರು ಗೆದ್ದರು. ನಮ್ಮಲ್ಲೂ ಅಂಥವರಿದ್ದರು. ರಾಯಚೂರು, ಕೊಪ್ಪಳ, ಕಲಬುರಗಿ ಕಡೆಯ ಓದುಗರಲ್ಲಿ ಒಂದು ಬೇಡಿಕೆ: ನಿಮ್ಮೂರಿನ ಮೆಟ್ಟಿಲುಬಾವಿಯನ್ನು ಸೇದುಬಾವಿ ಮಾಡಿಸಿದವರು ಯಾರು, ಜನರಿಗೆ ನೀರು ಸೋಸಲು ಕಲಿಸಿದವರು ಯಾರು ಎಂದು ಹಿರಿಯರನ್ನು ಕೇಳಿ ಬರೆದಿಡಿ. ಕೇಳಬೇಕಾದವರು ಈಗ ಎಂಬತ್ತರ ಆಸುಪಾಸಿನಲ್ಲಿದ್ದಾರೆ.