ಗಾಡಿಗೆ ಒಂದು ವರ್ಷ, ಜಿಲ್ಲೆಗೆ ನಾಲ್ಕು ದಿಕ್ಕು

ನಂಬರ್ ಪ್ಲೇಟಿನಲ್ಲಿ ‘ಕೆಎ 37’ ಎಂದು ಕಂಡರೆ ಅದು ಕೊಪ್ಪಳದ ಗಾಡಿ ಎಂದು ತಿಳಿಯಿರಿ. 1997ರಲ್ಲಿ ರಾಯಚೂರಿನಿಂದ ಬೇರೆಯಾದಾಗ ನಮ್ಮ ಜಿಲ್ಲೆಗೆ ಇದ್ದದ್ದು ನಾಲ್ಕೇ ತಾಲ್ಲೂಕು: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಆಮೇಲೆ ಕನಕಗಿರಿ, ಕಾರಟಗಿ, ಕುಕನೂರು ಸೇರಿ ಏಳಾದವು. ನನ್ನಂಥ ಹಳಬರ ಬಾಯಲ್ಲಿ ಮಾತ್ರ ಇನ್ನೂ ನಾಲ್ಕೇ. ಈ ನಾಲ್ಕರ ನೆಲ ಒಂದೇ ತೆರನಲ್ಲ. ಗಂಗಾವತಿ ಕಡೆ ಕಾಲುವೆ ನೀರು, ಕಣ್ಣು ಹಾಯುವಷ್ಟೂ ಭತ್ತ. ಯಲಬುರ್ಗಾ ಕಡೆ ಎರೆ ಹೊಲ, ಜೋಳ, ಕಡಲೆ. ಕುಷ್ಟಗಿ ಕಡೆ ಮಸಾರಿ ನೆಲ, ಸಜ್ಜೆ, ಈಚೀಚೆಗೆ ದಾಳಿಂಬೆ. ಹೊಸ ಗಾಡಿಯನ್ನು ಪರೀಕ್ಷೆ ಮಾಡಬೇಕೆಂದರೆ ಬೇರೆಲ್ಲಿಗೂ ಹೋಗಬೇಕಾಗಿಲ್ಲ, ಒಂದು ವರ್ಷ ಇಲ್ಲೇ ಓಡಿಸಿದರೆ ಸಾಕು.

ನಮ್ಮ ಮನೆಗೆ ಎಸ್‌ಯುವಿ ಬಂದದ್ದು 2024ರ ದೀಪಾವಳಿ ಪಾಡ್ಯಕ್ಕೆ. ಓಡಿಸುವವನು ಮಗ. ನಾನು ಅವನ ಎಡಕ್ಕೆ ಕೂತು ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆಯುವವನು. ಮೂವತ್ತೆರಡು ವರ್ಷ ಶಾಲೆಯ ಹಾಜರಿ ಪುಸ್ತಕ ಬರೆದ ಕೈ, ಸುಮ್ಮನೆ ಇರಲಾರದು. ಎಸ್‌ಯುವಿ ಎಂದರೆ ಏನು ಎಂದು ಕೇಳುವ ಅಜ್ಜ–ಅಜ್ಜಿಯರಿಗೆ ಒಂದು ಮಾತು: ಇದು ಜೀಪಿನ ಮೈ, ಕಾರಿನ ಮನಸ್ಸು. ಕ್ರೆಟಾ, ಸೆಲ್ಟೋಸ್, ಗ್ರ್ಯಾಂಡ್ ವಿಟಾರಾ ಎಂದು ಮಕ್ಕಳು ದೂರದಿಂದಲೇ ಗುರುತಿಸುತ್ತಾರಲ್ಲ, ಆ ವರ್ಗದ್ದು. ಉದ್ದ ಸುಮಾರು 4.3 ಮೀಟರ್. ನೆಲಕ್ಕೂ ಗಾಡಿಯ ಹೊಟ್ಟೆಗೂ ನಡುವೆ ಸುಮಾರು 20 ಸೆಂಟಿಮೀಟರ್ ಅಂತರ. ನಮ್ಮ ಹಳ್ಳಿ ರಸ್ತೆಗಳ ಹಂಪಿಗೆ ಈ 20 ಸೆಂಟಿಮೀಟರೇ ದೇವರು.

ಆದರೆ ಗಾಡಿ ಕೊಂಡದ್ದು ಹಂಪಿನ ಸಲುವಾಗಿ ಅಲ್ಲ, ನಮ್ಮವ್ವನ ಸಲುವಾಗಿ. ಅವ್ವನಿಗೆ ಈಗ ಎಂಬತ್ತನಾಲ್ಕು. ಎರಡೂ ಮೊಣಕಾಲು ಮಡಚುವುದಿಲ್ಲ. ಬಸ್ಸಿನ ಮೊದಲ ಮೆಟ್ಟಿಲು ಅವಳಿಗೆ ಗುಡ್ಡ. ಹಳೆಯ ಸಣ್ಣ ಕಾರಿನಲ್ಲಿ ಕೂತರೆ ಬಾವಿಯೊಳಗೆ ಇಳಿದಂತೆ, ಮೇಲಕ್ಕೆತ್ತಲು ಇಬ್ಬರು ಬೇಕು. ಅವಳ ತವರು ಕುಷ್ಟಗಿಯಿಂದ ಒಳಗಿನ ಒಂದು ಹಳ್ಳಿ. ಅಲ್ಲಿ ಅವಳ ಅಣ್ಣ, ಅಂದರೆ ನನ್ನ ಸೋದರಮಾವ, ಹಾಸಿಗೆ ಹಿಡಿದಿದ್ದ. ಅಣ್ಣ–ತಂಗಿ ಮುಖ ನೋಡಿ ಆರು ವರ್ಷವಾಗಿತ್ತು. ಫೋನಿನಲ್ಲಿ ಮಾತಾಡೋಣವೆಂದರೆ ಇಬ್ಬರಿಗೂ ಕಿವಿ ಮಂದ.

ಮೊದಲ ದಿನವೇ ಒಂದು ತೊಡಕು. ಸೀಟಿನ ಎತ್ತರ ನಿಮಗೆ ನಮಗೆ ಸರಿಯಾಗಿ ಸೊಂಟದ ಮಟ್ಟಕ್ಕೆ ಬರುತ್ತದೆ. ಅವ್ವ ಕುಳ್ಳಿ. ಬಾಗಿಲ ಮುಂದೆ ನಿಂತು ಮೇಲೆ ನೋಡಿ, “ಯಪ್ಪಾ, ಇದೇನ ಗಾಡಿಯೋ, ಅಟ್ಟಾನೋ?” ಎಂದಳು. ನಮ್ಮ ಓಣಿಯ ಬಡಿಗೇರರು ಅರ್ಧ ದಿನದಲ್ಲಿ ಬೇವಿನ ಮರದ ಒಂದು ಮಣೆ ಮಾಡಿಕೊಟ್ಟರು. ಒಂಬತ್ತು ಇಂಚು ಎತ್ತರ, ಅಗಲ ಕಾಲು, ಜಾರದಂತೆ ಮೇಲೊಂದು ಹಳೆಯ ಟೈರಿನ ತುಂಡು. ಅಂದಿನಿಂದ ಮಣೆ ಡಿಕ್ಕಿಯಲ್ಲೇ ಇದೆ. ಲಕ್ಷಗಟ್ಟಲೆ ಕೊಟ್ಟ ಗಾಡಿ ನಮಗೆ ಪೂರ್ತಿಯಾದದ್ದು ಆ ಮಣೆ ಬಂದ ಮೇಲೆ.

ಆ ವರ್ಷದ ಎಳ್ಳಮಾಸಿ ಡಿಸೆಂಬರ್ 30ಕ್ಕೆ ಬಿತ್ತು. ಎಳ್ಳ ಅಮಾವಾಸ್ಯೆಗೆ ನಮ್ಮ ಕಡೆ ಹೊಲಕ್ಕೆ ಹೋಗಿ ಭೂಮಿತಾಯಿಗೆ ಪೂಜೆ ಮಾಡಿ ಚರಗ ಚೆಲ್ಲುತ್ತೇವೆ, ಬಂಧುಬಳಗದವರೆಲ್ಲ ಕೂಡಿ ಹೊಲದಲ್ಲೇ ಉಣ್ಣುತ್ತೇವೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಕಟ್ಟಿಕೊಂಡು ಬೆಳಿಗ್ಗೆ ಏಳಕ್ಕೆ ಹೊರಟೆವು. ದೊಡ್ಡ ರಸ್ತೆಯಲ್ಲಿ ಇರುವಷ್ಟು ಹೊತ್ತು ಹೇಳಲು ಏನಿಲ್ಲ. ವಿಜಯಪುರದ ಕಡೆ ಹೋಗುವ ಹೆದ್ದಾರಿ, ಟೋಲ್ ಕಟ್ಟಿದರೆ ಮುಗಿಯಿತು, ಅವ್ವನೂ ಮೊಮ್ಮಗನೂ ನಿದ್ದೆ ಮಾಡಿದರು.

ಕತೆ ಇರುವುದು ಹಳ್ಳಿ ರಸ್ತೆಗೆ ತಿರುಗಿದ ಮೇಲೆ. ಡಾಂಬರಿನ ಮೇಲೆ ಉದ್ದಕ್ಕೆ ಹುರುಳಿ ಹಾಸಿದ್ದರು. ಪಟ್ಟಣದ ಮಕ್ಕಳಿಗೆ ಇದು ಗೊತ್ತಿರಲಾರದು. ಕಿತ್ತ ಹುರುಳಿಯನ್ನೋ ತೊಗರಿಯನ್ನೋ ರಸ್ತೆಯ ಮೇಲೆ ಹರವಿದರೆ ಲಾರಿ, ಬಸ್ಸು, ಕಾರು ಓಡಾಡಿ ಕಾಯಿ ಒಡೆದು ಕಾಳು ಉದುರುತ್ತದೆ. ರೈತನಿಗೆ ಪುಕ್ಕಟೆ ಒಕ್ಕಣೆ. ಗಾಡಿಗೆ ಮಾತ್ರ ಅಪಾಯ. ಒಣ ಬಳ್ಳಿ ಚಕ್ರದ ಅಚ್ಚಿಗೆ ಸುತ್ತಿಕೊಳ್ಳುತ್ತದೆ, ಹೊಗೆ ಕೊಳವೆಯ ಹತ್ತಿರ ಸಿಕ್ಕಿಕೊಂಡರೆ ಆ ಬಿಸಿಗೆ ಹೊತ್ತಿಕೊಳ್ಳಲೂಬಹುದು. ಹಾಗೆ ಸುಟ್ಟುಹೋದ ಕಾರುಗಳ ಸುದ್ದಿ ನಮ್ಮ ಕಡೆಯ ಪತ್ರಿಕೆಗಳಲ್ಲಿ ಸುಗ್ಗಿ ಕಾಲಕ್ಕೆ ಬರುತ್ತಿರುತ್ತದೆ. ಬೈಕಿನವರಿಗಂತೂ ಅದು ಎಣ್ಣೆಯಷ್ಟೇ ಜಾರು. ಮಗ ನಿಧಾನ ದಾಟಿಸಿ, ಪಕ್ಕಕ್ಕೆ ನಿಲ್ಲಿಸಿ, ಕೆಳಗೆ ಮಲಗಿ ಬಳ್ಳಿ ಕಿತ್ತ. ಸಿಟ್ಟು ಬಂದಿತ್ತು. “ರಸ್ತೆ ಏನ್ ಇವರ ಕಣ ಏನ?” ಎಂದ.

ಅವ್ವ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. “ಕಣ ಎಲ್ಲೈತಿ ಅಂತ ಕೇಳೋ ತಮ್ಮಾ ಮೊದ್ಲ.”

ಆಮೇಲೆ ದಾರಿಯುದ್ದಕ್ಕೂ ಮೊಮ್ಮಕ್ಕಳಿಗೆ ಕಣದ ಪಾಠ. ಹೊಲದ ಮೂಲೆಯಲ್ಲಿ ನೆಲ ಹಸನು ಮಾಡಿ, ನೀರು ಚಿಮುಕಿಸಿ, ಬಡಿದು ಗಟ್ಟಿ ಮಾಡಿ, ಸೆಗಣಿ ಸಾರಿಸಿ ಕಣ ಮಾಡಬೇಕು. ನಡುವೆ ಮೇಟಿ ನೆಡಬೇಕು. ತೆನೆ ಹರವಿ, ಎತ್ತುಗಳನ್ನು ಸಾಲಾಗಿ ಕಟ್ಟಿ ಮೇಟಿಯ ಸುತ್ತ ತಿರುಗಿಸುವುದಕ್ಕೆ ಹಂತಿ ಹೊಡೆಯುವುದು ಎನ್ನುತ್ತಾರೆ. ರಾತ್ರಿಯೆಲ್ಲ ಹಂತಿ ಹಾಡು. ಗಾಳಿ ಬಂದಾಗ ತೂರಬೇಕು, ಗಾಳಿ ನಿಂತರೆ ಕಾಯಬೇಕು. ಈಗ ಎತ್ತು ಇಲ್ಲ, ಹಂತಿ ಹೊಡೆಯುವ ಆಳಿಲ್ಲ, ಕಣಕ್ಕೆ ಬಿಡುವಷ್ಟು ಜಾಗವನ್ನೂ ಹೊಲದಲ್ಲಿ ಉಳಿಸಿಲ್ಲ. ಯಂತ್ರದ ಬಾಡಿಗೆ ಸಣ್ಣ ರೈತನಿಗೆ ಭಾರ. ಇಷ್ಟು ತಿಳಿದ ಮೇಲೂ ರಸ್ತೆಯ ಮೇಲೆ ಹಾಸುವುದು ಸರಿ ಎಂದು ನಾನು ಹೇಳಲಾರೆ. ರಾತ್ರಿ ಬೈಕಿನಲ್ಲಿ ಬರುವವನೂ ಯಾರದೋ ಮಗ. ಊರಿಗೊಂದು ಸಿಮೆಂಟಿನ ಕಣ ಕಟ್ಟಿಸಿಕೊಟ್ಟರೆ ಅರ್ಧ ಜಗಳ ಮುಗಿದೀತು.

ತವರಿನ ಮನೆ ಮುಟ್ಟಿದಾಗ ಸೋದರಮಾವನನ್ನು ಪಡಸಾಲೆಯ ಕಂಬಕ್ಕೆ ಒರಗಿಸಿ ಕೂಡಿಸಿದ್ದರು. ಅವ್ವ ಮಣೆಯ ಮೇಲೆ ಕಾಲಿಟ್ಟು ಇಳಿದು, ಕೋಲು ಊರಿಕೊಂಡು ಹೋಗಿ ಅವನ ಪಕ್ಕ ಕೂತಳು. ಇಬ್ಬರೂ ಜಾಸ್ತಿ ಮಾತಾಡಲಿಲ್ಲ. ಅವಳು ಸಜ್ಜಿ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಅವನಿಗೆ ತಿನಿಸಿದಳು. ಮಾರ್ಚ್ ತಿಂಗಳಲ್ಲಿ ಮಾವ ತೀರಿಕೊಂಡ.

ಉಳಿದ ದಿಕ್ಕುಗಳ ಲೆಕ್ಕವನ್ನೂ ಹೇಳುತ್ತೇನೆ. ಕುಕನೂರಿನ ಹತ್ತಿರದ ಇಟಗಿಗೆ ಎರಡು ಸಲ ಹೋದೆವು. ಅಲ್ಲಿಯ ಮಹಾದೇವ ದೇವಾಲಯವನ್ನು 1112ರಲ್ಲಿ ಕಟ್ಟಿಸಿದವನು ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಶಾಸನವೇ ಅದನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ಬಳಪದ ಕಲ್ಲಿನ ಕಂಬಗಳು ಬುಗುರಿಯ ಹಾಗೆ ಕಡೆದು ತೆಗೆದವು. ಮೊಮ್ಮಗಳು ಒಂದು ಕಂಬದ ಬಳಿ ನಿಂತು ತನ್ನ ಮುಖ ಕಾಣುತ್ತದೆಯೇ ಎಂದು ಬಹಳ ಹೊತ್ತು ನೋಡಿದಳು. ಇಟಗಿಯಂಥ ಗುಡಿ ಇಷ್ಟು ಹತ್ತಿರವಿದ್ದೂ ನಮ್ಮ ಜಿಲ್ಲೆಯ ಎಷ್ಟೋ ಮಕ್ಕಳು ಅದನ್ನು ಪುಸ್ತಕದಲ್ಲಷ್ಟೇ ನೋಡಿದ್ದಾರೆ, ಅದು ನನಗೆ ಬೇಸರ.

ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನಲ್ಲಿ ಗಾಡಿಗೆ ಕೆಲಸವಿಲ್ಲ. ಕೆಳಗೆ ನಿಲ್ಲಿಸಿ ಗುಡ್ಡ ಹತ್ತಬೇಕು. ಮೇಲೆ ಎರಡು ಸಾವಿರ ವರ್ಷಕ್ಕೂ ಹಿಂದಿನ ಜನ ಚಪ್ಪಡಿ ಕಲ್ಲು ಜೋಡಿಸಿ ಕಟ್ಟಿದ ನೂರಾರು ಗೋರಿಮನೆಗಳಿವೆ. ಊರವರು ಮೊರೇರ ಗುಡ್ಡ ಎನ್ನುತ್ತಾರೆ, ಗೇಣುದ್ದದ ಮೊರೇರು ಅಲ್ಲಿ ವಾಸವಾಗಿದ್ದರಂತೆ. ಬಂಡೆಯ ಮೇಲೊಂದು ದೊಡ್ಡ ಕಲ್ಲಿನ ನಗಾರಿಯೂ ಇದೆ, ಬಡಿದರೆ ದೂರಕ್ಕೆ ಕೇಳುತ್ತದೆ. ಅಂಜನಾದ್ರಿಯ 575 ಮೆಟ್ಟಿಲು ಮಕ್ಕಳ ಪಾಲಿಗೆ, ನಾನೂ ಅವ್ವನೂ ಕೆಳಗೆ ಗಾಡಿಯಲ್ಲೇ ಕೂತು ಕೈ ಮುಗಿದೆವು. ಬರುವಾಗ ಮುನಿರಾಬಾದಿನಲ್ಲಿ ತುಂಗಭದ್ರೆಯ ಅಣೆಕಟ್ಟು. ಮೊಮ್ಮಗ 33 ಗೇಟುಗಳನ್ನು ಎಣಿಸಿ, 2024ರ ಆಗಸ್ಟಿನಲ್ಲಿ ಸರಪಳಿ ಕಡಿದು ಕೊಚ್ಚಿಹೋದ 19ನೆಯದು ಯಾವುದು ಎಂದು ಕೇಳಿದ. ಎಡದಿಂದ ಎಣಿಸಬೇಕೋ ಬಲದಿಂದಲೋ ಎಂದು ಅಪ್ಪ–ಮಗ ಇನ್ನೂ ವಾದ ಮಾಡುತ್ತಲೇ ಇದ್ದಾರೆ.

ಕುಷ್ಟಗಿಗೆ 2025ರ ಮೇ 15ರಂದು ರೈಲು ಬಂತು. ಗದಗ–ವಾಡಿ ಮಾರ್ಗದ ಒಂದು ತುಂಡು ಅದು. ಅವ್ವ ಹುಡುಗಿಯಾಗಿದ್ದಾಗಿನಿಂದ ‘ಬರತೈತಿ’ ಎಂದು ಕೇಳಿದ್ದ ರೈಲು. ಕಾರಿನಲ್ಲಿ ಹೋಗಿ ರೈಲು ನೋಡಿ ಬಂದ ಮನೆತನ ನಮ್ಮದೊಂದೇ ಇರಬೇಕು. ಮೊಮ್ಮಕ್ಕಳೂ ನಾನೂ ಯಲಬುರ್ಗಾದವರೆಗೆ ರೈಲಿನಲ್ಲಿ ಬಂದೆವು, ಮಗ ಅವ್ವನನ್ನು ಕೂಡಿಸಿಕೊಂಡು ರಸ್ತೆಯಲ್ಲಿ ಬಂದ.

ಇನ್ನು ಗಾಡಿಯ ಕೊರತೆ. ಜೀಪಿನ ಮೈ ಎಂದೆನಲ್ಲ, ಅದು ಮೈ ಮಾತ್ರ. ನಮ್ಮದರಲ್ಲಿ ಎಂಜಿನ್ ತಿರುಗಿಸುವುದು ಮುಂದಿನ ಎರಡು ಚಕ್ರಗಳನ್ನಷ್ಟೇ. ಸೆಪ್ಟೆಂಬರಿನ ಮಳೆಗೆ ಎರೆ ಮಣ್ಣು ಟೈರಿನ ಹಲ್ಲು ತುಂಬಿ ಬೆಣ್ಣೆಯಾಗುತ್ತದೆ, ಎತ್ತರ ಎಷ್ಟಿದ್ದರೂ ಆಟ ನಡೆಯದು. ತವರಿನ ಹೊಲದ ದಾರಿಯ ಬಾಯಲ್ಲೇ ಮಗ ನಿಲ್ಲಿಸಿಬಿಟ್ಟ. ಕೊನೆಯ ಅರ್ಧ ಮೈಲಿ ಅವ್ವ ಟ್ರ್ಯಾಕ್ಟರಿನ ಟ್ರೈಲರಿನಲ್ಲಿ ಕಟ್ಟಿಗೆ ಖುರ್ಚಿ ಹಾಕಿಸಿಕೊಂಡು ರಾಣಿಯ ಹಾಗೆ ಹೋದಳು. ಬೇಸಿಗೆಯಲ್ಲಿ ಧೂಳು. ಗಾಳಿ ಸೋಸುವ ಫಿಲ್ಟರನ್ನು ಪುಸ್ತಕದಲ್ಲಿ ಬರೆದದ್ದಕ್ಕಿಂತ ಮೊದಲೇ ಬದಲಿಸಬೇಕಾಯಿತು. ಕೋಟೆ ಕಡೆಯ ನಮ್ಮ ಓಣಿಯಲ್ಲಿ ಎದುರಿಗೆ ತಳ್ಳುಗಾಡಿ ಬಂದರೆ ಒಬ್ಬರು ಹಿಂದೆ ಸರಿಯಲೇಬೇಕು, ಯಾವಾಗಲೂ ಸರಿಯುವುದು ನಾವೇ. ಗವಿಮಠದ ಜಾತ್ರೆಯ ದಿನ ಗಾಡಿ ಹೊರಗೇ ತೆಗೆಯಲಿಲ್ಲ. ಆ ಜನಸಾಗರದಲ್ಲಿ ನಡೆದು ಹೋಗುವುದೇ ಚೆಂದ.

ವರ್ಷ ತುಂಬಿದ ದಿನ ಮೀಟರಿನಲ್ಲಿ 13,847 ಕಿಲೋಮೀಟರ್. ಲೀಟರ್ ಡೀಸೆಲ್‌ಗೆ 16 ಚಿಲ್ಲರೆ. ಎಣ್ಣೆಗೆ ಸುಮಾರು 77 ಸಾವಿರ, ಅದರ ಮೇಲೆ ಸರ್ವಿಸು, ವಿಮೆ, ತಿಂಗಳ ಕಂತು. ಸೊಸೆ ಲೆಕ್ಕ ನೋಡಿ, ಇದನ್ನು ಮಾರಿ ಸಣ್ಣದು ಕೊಂಡರೆ ಕಂತು ಅರ್ಧವಾಗುತ್ತದೆ ಎಂದಳು. ಅವಳ ಮಾತಿನಲ್ಲಿ ತಪ್ಪಿರಲಿಲ್ಲ, ಮಗಳ ಹೈಸ್ಕೂಲು ಮುಂದಿದೆ. ಸಾಲದ್ದಕ್ಕೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಳಿದು ಹೊಸ ಗಾಡಿಗಳು ಅಗ್ಗವಾಗಿದ್ದವು. ಎದುರುಮನೆಯವರು ಕಟ್ಟೆಗೆ ಬಂದು ಕೂತು, “ಒಂದ್ ವರ್ಷ ತಡದಿದ್ರ ಎಷ್ಟೊಂದು ಉಳೀತಿತ್ತಲ್ರೀ ಮಾಸ್ತರ” ಎಂದರು.

ಅವ್ವನಿಗೆ ಈ ಮಾತು ಹೇಗೆ ಕೇಳಿಸಿತೋ. “ನಮ್ಮಣ್ಣ ತಡೀತಿದ್ನೇನು?” ಎಂದಳು.

ಎದುರುಮನೆಯವರು ಚಹಾ ಕುಡಿದು ಎದ್ದರು. ಸೊಸೆ ಮತ್ತೆ ಲೆಕ್ಕ ಹಾಕಿದಳು. ವಾರಕ್ಕೆರಡು ಸಲ ಸುಮ್ಮನೆ ಬಜಾರಕ್ಕೆ ಗಾಡಿ ಒಯ್ಯುವುದು ಬಂದ್, ಮಗ ಕಾಲೇಜಿಗೆ ಬೈಕಿನಲ್ಲೇ ಹೋಗಬೇಕು, ಗಾಡಿ ಇನ್ನೂ ಎರಡು ವರ್ಷ ಇರಲಿ ಎಂದು ತೀರ್ಮಾನವಾಯಿತು. ತೀರ್ಮಾನ ಬರೆಯಲು ನೋಟ್‌ಬುಕ್ಕನ್ನು ಮೊಮ್ಮಗಳು ಕಸಿದುಕೊಂಡಳು, ಎರಡನೆಯ ವರ್ಷದ ಲೆಕ್ಕ ಅವಳದಂತೆ.

ಈ ಸಲದ ಎಳ್ಳಮಾಸಿ ಹತ್ತಿರ ಬಂತು. ಕಿನ್ನಾಳದಲ್ಲಿ ಮಣೆಗೆ ಬಣ್ಣ ಹಾಕಿಸಿಕೊಂಡು ಹೋಗಬೇಕೆಂದು ಮಕ್ಕಳ ಹಟ. ಹುಣಸೆ ಬೀಜದ ಅಂಟು ಬಳಿದು ಗೊಂಬೆಗಳಿಗೆ ಬಣ್ಣ ಹಚ್ಚುವ ಚಿತ್ರಗಾರರ ಊರು ಅದು. ಮಣೆಯ ಮೇಲೆ ಗಿಳಿ ಬರೆಸುವುದೋ ಆನೆಯೋ ಇನ್ನೂ ಗೊತ್ತಾಗಿಲ್ಲ. ನಿನ್ನೆ ಸೋದರಮಾವನ ಮಗ ಫೋನ್ ಮಾಡಿದ್ದ. ಹೊಲದ ದಾರಿಗೆ ನಾಲ್ಕು ಟ್ರ್ಯಾಕ್ಟರ್ ಗರಸು ಹಾಕಿಸಿದ್ದಾನಂತೆ. “ಅತ್ತಿನ್ನ ಹೊಲದ ತನಕ ಗಾಡ್ಯಾಗ ಕರ್ಕೊಂಡ ಬರ್ರಿ” ಎಂದ.