ಗೋಡೆಗೆ ಕಟ್ಟಿದ ಪೆನ್ಸಿಲ್

ನಮ್ಮ ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಗೆ ಒಂದು ಕ್ಯಾಲೆಂಡರ್ ತೂಗುತ್ತದೆ. ತಿಥಿ, ನಕ್ಷತ್ರ, ರಾಹುಕಾಲ ಎಲ್ಲ ಅಚ್ಚಾಗಿರುವ ಮಾಮೂಲಿ ಕ್ಯಾಲೆಂಡರು. ಅದರ ಒಂದೊಂದು ಚೌಕದಲ್ಲೂ ಪೆನ್ಸಿಲ್ಲಿನ ಸಣ್ಣ ಅಕ್ಷರಗಳಿವೆ. ‘ನೀ’ ಅಂದರೆ ಕಾವೇರಿ ನೀರು ಬರುವ ದಿನ. ‘ಹಾ 3’ ಅಂದರೆ ಅವತ್ತು ತೆಗೆದುಕೊಂಡದ್ದು 3 ಪ್ಯಾಕೆಟ್ ಹಾಲು. ‘ಗ್ಯಾ’ ಹೊಸ ಸಿಲಿಂಡರ್ ಜೋಡಿಸಿದ ದಿನ. ‘ನೆ’ ಇದ್ದರೆ ಅಂದು ಮಧ್ಯಾಹ್ನ ಅಕ್ಕಿ, ಉದ್ದು ನೆನೆಹಾಕಬೇಕು. ಹೊರಗಿನವರ ಕಣ್ಣಿಗೆ ಇವು ಯಾವುದೋ ಬೀಜಾಕ್ಷರಗಳ ಹಾಗೆ ಕಾಣಬಹುದು. ಸಂಗೀತ ಬಲ್ಲವರಿಗೆ ಸ್ವರಲಿಪಿ ಓದುವಾಗಲೇ ಕೀರ್ತನೆ ಕೇಳಿಸುತ್ತದಂತೆ. ಈ ಹಾಳೆಯ ಮುಂದೆ ನಿಂತರೆ ನನಗೆ ನಮ್ಮ ಮನೆ ಕೇಳಿಸುತ್ತದೆ.

ಬೆಂಗಳೂರಿನ ಈ ಮನೆಯಲ್ಲಿ ಏಳು ಜನ. ಅತ್ತೆ, ಮಾವ, ನಾವಿಬ್ಬರು, ಮೈದುನ, ಒಂಬತ್ತನೆಯ ಕ್ಲಾಸಿನ ಮಗ, ನಾಲ್ಕನೆಯ ಕ್ಲಾಸಿನ ಮಗಳು. ಬಚ್ಚಲುಮನೆ ಒಂದೇ. ಬೆಳಗ್ಗೆ 8.40ರೊಳಗೆ ಐದು ಜನ ಹೊರಗೆ ಹೊರಡಬೇಕು. ಕೆಲವರಿಗೆ ಕೈತೋಟದ ಹುಚ್ಚು, ಕೆಲವರಿಗೆ ಕಸೂತಿಯದು. ನನಗೆ ಮನೆ ನಡೆಸುವುದರಲ್ಲೇ ಆ ಸುಖ. ಇದನ್ನು ಕರ್ತವ್ಯ ಎಂದು ಎಂದೂ ಅಂದುಕೊಂಡಿಲ್ಲ, ಕಲೆ ಎಂದೇ ತಿಳಿದು ಇಪ್ಪತ್ತು ವರ್ಷ ಅಭ್ಯಾಸ ಮಾಡಿದ್ದೇನೆ.

ನಮ್ಮ ಬೆಳಗು ಶುರುವಾಗುವುದು ಹಿಂದಿನ ರಾತ್ರಿ ಒಂಬತ್ತೂವರೆಗೆ. ಫಿಲ್ಟರಿಗೆ ಕಾಫಿಪುಡಿ ತುಂಬಿ ಒತ್ತಿಡುತ್ತೇನೆ. ಕುಕ್ಕರಿನ ಪಾತ್ರೆಗೆ ತೊಗರಿಬೇಳೆ ಅಳೆದು ಮುಚ್ಚಿಟ್ಟಾಗುತ್ತದೆ. ಹುರುಳಿಕಾಯಿ ಹೆಚ್ಚುವುದು ಮಾವನ ಪಾಲು. ಅವರು ಟಿ.ವಿ. ವಾರ್ತೆ ಕೇಳುತ್ತಾ, ಒಂದೇ ಅಳತೆಗೆ, ಯಾವ ಹೋಟೆಲಿನವರೂ ಹೆಚ್ಚಲಾರದಷ್ಟು ಸಣ್ಣಗೆ ಹೆಚ್ಚುತ್ತಾರೆ. ಟಿಫನ್ ಡಬ್ಬಿಗಳು ಮುಚ್ಚಳ ತೆರೆದು ಸಾಲಾಗಿ ಕೂತಿರುತ್ತವೆ. ಬೆಳಗ್ಗೆ ಐದೂವರೆಗೆ ಎದ್ದಾಗ ಯೋಚಿಸುವ ಕೆಲಸ ಒಂದೂ ಉಳಿದಿರಬಾರದು. ಕೈ ತಾನಾಗಿ ನಡೆಯಬೇಕು.

ಇರುವ ಎರಡು ಒಲೆಯಲ್ಲಿ ಅನ್ನ, ಹುಳಿ, ಪಲ್ಯ, ತಿಂಡಿ, ಹಾಲು ಐದೂ ಆಗಬೇಕು. ಇಲ್ಲಿ ದೊಡ್ಡ ಆಸರೆ ಕುಕ್ಕರ್. ಒಳಗೆ ಆವಿಯ ಒತ್ತಡ ಏರಿದಾಗ ನೀರು 100 ಡಿಗ್ರಿ ಬದಲು ಸುಮಾರು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವುದರಿಂದ ಬೇಳೆ ಬೇಗ ಬೇಯುತ್ತದೆ. ಬೇಳೆ ಕೆಳಗೆ, ಅಕ್ಕಿ ಮೇಲೆ. ಅದು ಮೂರು ಸಲ ಕೂಗುವುದರೊಳಗೆ ಪಕ್ಕದ ಒಲೆಯಲ್ಲಿ ಹಾಲು ಉಕ್ಕಿ, ಕಾಫಿ ಬೆರೆತು, ಪಲ್ಯದ ಒಗ್ಗರಣೆ ಸಿಡಿದಿರುತ್ತದೆ. ಒಲೆ ಆರಿಸಿದ ಮೇಲೆ ಕುಕ್ಕರಿನ ಒತ್ತಡ ಇಳಿಯಲು ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷ ನನ್ನದು. ಲೋಟ ಹಿಡಿದು ಮುಂಬಾಗಿಲ ಮೆಟ್ಟಿಲ ಮೇಲೆ ಕೂರುತ್ತೇನೆ. ಎದುರುಮನೆಯವರು ರಂಗೋಲಿ ಮುಗಿಸಿ ಸೊಂಟ ನೆಟ್ಟಗೆ ಮಾಡಿಕೊಳ್ಳುವುದನ್ನು ನೋಡುತ್ತಾ ಕುಡಿದ ಆ ಕಾಫಿಯ ರುಚಿ ದಿನದ ಬೇರೆ ಯಾವ ಕಾಫಿಗೂ ಇಲ್ಲ.

ನೀರಿನ ದಿನದ ಲಯವೇ ಬೇರೆ. ನಮ್ಮ ಬೀದಿಗೆ ದಿನ ಬಿಟ್ಟು ದಿನ ನೀರು. ಈ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಹೊರಟು, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪ್ ಆಗಿ, ನೂರು ಕಿಲೋಮೀಟರಿನಷ್ಟು ದೂರ ಸಾಗಿ, ಸುಮಾರು ಅರ್ಧ ಕಿಲೋಮೀಟರ್ ಎತ್ತರ ಹತ್ತಿ ನಮ್ಮ ಸಂಪಿಗೆ ಬೀಳುತ್ತದೆ. 1974ರಲ್ಲಿ ಮೊದಲ ಹಂತದ ಕಾವೇರಿ ನೀರು ಊರಿಗೆ ಬಂದದ್ದನ್ನು ಮಾವ ಇವತ್ತಿಗೂ ಹಬ್ಬದಂತೆ ನೆನೆಯುತ್ತಾರೆ. ಅಷ್ಟು ದೂರದಿಂದ ಏರಿ ಬಂದದ್ದನ್ನು ಸುಮ್ಮನೆ ಹರಿಯಬಿಡುವುದು ನನ್ನಿಂದ ಆಗದ ಮಾತು. ಸೋಲಾರ್ ನಲ್ಲಿ ತಿರುಗಿಸಿದಾಗ ಬಿಸಿನೀರಿಗಿಂತ ಮೊದಲು ಒಂದಿಷ್ಟು ತಣ್ಣೀರು ಬರುತ್ತದಲ್ಲ, ಅದಕ್ಕೆ ಬಚ್ಚಲಲ್ಲಿ ಒಂದು ಬಕೆಟ್ ಮೀಸಲು. ಆ ಬಕೆಟ್ಟಿನಲ್ಲಿ ಶಾಲೆಯ ಸಮವಸ್ತ್ರ ನೆನೆಯುತ್ತದೆ. ಚಾದರ, ಪರದೆಗಳ ಸರದಿ ‘ನೀ’ ಇರುವ ಭಾನುವಾರಕ್ಕೆ.

ಸಿಲಿಂಡರ್ ಲೆಕ್ಕ ಬರೆದದ್ದು ಒಮ್ಮೆ ನಮ್ಮನ್ನು ಎಚ್ಚರಿಸಿತು. 14.2 ಕಿಲೋದ ಸಿಲಿಂಡರ್ ನಮ್ಮ ಏಳು ಜನಕ್ಕೆ 28 ದಿನ ಬರುವುದು ವಾಡಿಕೆ. ಒಂದು ತಿಂಗಳು 22ಕ್ಕೇ ಮುಗಿದುಹೋಯಿತು. ಹಬ್ಬವಿರಲಿಲ್ಲ, ನೆಂಟರೂ ಬಂದಿರಲಿಲ್ಲ. ಬಗ್ಗಿ ನೋಡಿದರೆ ನೀಲಿಯಾಗಿ ಉರಿಯಬೇಕಾದ ಜ್ವಾಲೆ ಹಳದಿಗೆ ತಿರುಗಿತ್ತು. ಉಕ್ಕಿದ ಹಾಲು ಒಣಗಿ ಬರ್ನರಿನ ತೂತುಗಳು ಮುಚ್ಚಿಹೋಗಿದ್ದವು. ಪಾತ್ರೆಯ ತಳ ಕಪ್ಪಾಗುತ್ತಿದ್ದುದನ್ನು ದಿನಾ ತಿಕ್ಕುತ್ತಿದ್ದೆವೇ ಹೊರತು ಯಾಕೆ ಎಂದು ಯಾರೂ ಕೇಳಿರಲಿಲ್ಲ. ಆ ಪ್ರಶ್ನೆಯನ್ನು ನಮ್ಮ ಮುಂದಿಟ್ಟದ್ದು ಕ್ಯಾಲೆಂಡರಿನ ಎರಡು ‘ಗ್ಯಾ’ಗಳ ನಡುವಿನ ಅಂತರ.

ಎಲ್ಲಕ್ಕಿಂತ ಇಷ್ಟದ ಅಕ್ಷರ ‘ನೆ’. ಮೂರು ಪಾವು ಅಕ್ಕಿಗೆ ಒಂದು ಪಾವು ಉದ್ದು, ಒಂದು ಚಮಚ ಮೆಂತ್ಯ. ನಾಲ್ಕೈದು ಗಂಟೆ ನೆನೆದು, ಸಂಜೆ ಗ್ರೈಂಡರಿನಲ್ಲಿ ತಿರುಗಿ, ರಾತ್ರಿಯೆಲ್ಲ ಮೂಲೆಯಲ್ಲಿ ಕೂತು ಹುದುಗಬೇಕು. ಅಕ್ಕಿ ಉದ್ದಿಗೆ ಅಂಟಿಕೊಂಡೇ ಬರುವ ಸೂಕ್ಷ್ಮಜೀವಿಗಳು ಆ ಕೆಲಸವನ್ನು ನಾವು ಮಲಗಿರುವಾಗ ಮಾಡಿ ಮುಗಿಸುತ್ತವೆ. ಏಪ್ರಿಲ್‌ನಲ್ಲಿ ಎಂಟು ಗಂಟೆ ಸಾಕು. ಪುಷ್ಯದ ಚಳಿಯಲ್ಲಿ ಹನ್ನೆರಡು ಗಂಟೆಯಾದರೂ ಹಿಟ್ಟು ಏಳುವುದಿಲ್ಲ. ಆಗ ಒಂದು ಹೊತ್ತು ಮುಂಚೆಯೇ ನೆನೆಹಾಕಬೇಕು, ಪಾತ್ರೆಗೆ ಹಳೆಯ ಕಂಬಳಿ ಹೊದಿಸಬೇಕು. ದಶಮಿಯ ಮಧ್ಯಾಹ್ನ ‘ನೆ’ ಬರೆಯುವ ಹಾಗಿಲ್ಲ, ಮರುದಿನ ಏಕಾದಶಿ, ಅತ್ತೆ ಅಕ್ಕಿ ಮುಟ್ಟುವುದಿಲ್ಲ. ಹೀಗೆ ತಿಥಿ, ಚಳಿ, ಹಸಿವು ಮೂರನ್ನೂ ಒಂದೇ ಚೌಕದಲ್ಲಿ ಕೂಡಿಸಿ ಬರೆದ ಅಕ್ಷರ ಅದು. ಬೆಳಗ್ಗೆ ಮುಚ್ಚಳ ತೆಗೆದಾಗ ಹಿಟ್ಟು ಪಾತ್ರೆಯ ಕಂಠದವರೆಗೆ ಉಬ್ಬಿ ನಿಂತಿರುತ್ತದಲ್ಲ, ಆ ಕ್ಷಣದ ಸಂತೋಷಕ್ಕೆ ನಾನು ಇನ್ನೂ ಹಳಬಳಾಗಿಲ್ಲ.

ಇದನ್ನೆಲ್ಲ ಗೋಡೆಯ ಮೇಲೆ ಬರೆಯಲು ಕಾರಣ ನನ್ನ ಅಮ್ಮ. ಹಾಸನದಲ್ಲಿ ಹನ್ನೊಂದು ಜನರ ಮನೆ ನಡೆಸಿದವಳು ಅವಳು. ಒಂದಕ್ಷರ ಎಲ್ಲೂ ಬರೆದಿಡಲಿಲ್ಲ, ಎಲ್ಲವೂ ತಲೆಯಲ್ಲೇ. ನನಗೆ ಹದಿಮೂರು ವರ್ಷವಿದ್ದಾಗ ಅವಳಿಗೆ ಕಾಮಾಲೆಯಾಯಿತು. ಮೂರು ವಾರ ಹಾಸಿಗೆ. ಮನೆಯಲ್ಲಿ ಕೆಲಸ ಮಾಡುವ ಕೈಗಳಿಗೆ ಕೊರತೆಯಿರಲಿಲ್ಲ, ಆದರೆ ಯಾವ ಕೈಗೂ ದಾರಿ ಗೊತ್ತಿರಲಿಲ್ಲ. ಚಿಕ್ಕಪ್ಪ ಗಳಿಗೆಗೊಮ್ಮೆ ಕೋಣೆಯ ಬಾಗಿಲಿಗೆ ಬಂದು, “ಅತ್ತಿಗೆ, ಸಾರಿನಪುಡಿ ಯಾವುದರಲ್ಲಿದೆ?” ಎನ್ನುವರು. ಅಮ್ಮ ಕಣ್ಣು ಮುಚ್ಚಿಕೊಂಡೇ, “ಮೇಲಿನ ಸಾಲು, ಎಡಗಡೆ ಮೂರನೇ ಡಬ್ಬ” ಎನ್ನುವಳು. ಹಾಲಿನವನ ಬಾಕಿ, ಅಗಸರಿಗೆ ಹಾಕಿದ ಬಟ್ಟೆಯ ಲೆಕ್ಕ, ಅಜ್ಜಿಯ ಮಾತ್ರೆ, ನಮ್ಮ ಪರೀಕ್ಷೆಯ ಫೀಸು ಎಲ್ಲಕ್ಕೂ ಆ ಹಾಸಿಗೆಯ ಪಕ್ಕಕ್ಕೇ ಬರಬೇಕಿತ್ತು. ದೇಹ ಮಲಗಿತ್ತು, ಅವಳು ಮಲಗಲಿಲ್ಲ. ಊರೆಲ್ಲ ಅವಳ ನೆನಪಿನ ಶಕ್ತಿಯನ್ನು ಹೊಗಳಿತು. ನನಗೆ ಮಾತ್ರ ಆ ಹೊಗಳಿಕೆ ಕೇಳಿದಾಗಲೆಲ್ಲ ಹಳದಿಗಟ್ಟಿದ ಅವಳ ಕಣ್ಣು ನೆನಪಾಗಿ ಎದೆ ಭಾರವಾಗುತ್ತಿತ್ತು. ಮನೆಯೆಲ್ಲ ಒಬ್ಬ ಹೆಂಗಸಿನ ತಲೆಯೊಳಗೆ ವಾಸ ಮಾಡಬಾರದು ಎಂದು ಅವತ್ತೇ ನಿಶ್ಚಯಿಸಿಕೊಂಡೆ.

ಮದುವೆಯಾಗಿ ಬಂದು ನಾನು ಗೋಡೆಯ ಮೇಲೆ ಬರೆಯತೊಡಗಿದಾಗ ಅತ್ತೆ, “ಏನಮ್ಮಾ, ಮನೇನ ಆಫೀಸ್ ಮಾಡ್ತೀಯಾ?” ಎಂದು ಕೇಳಿದ್ದರು. ಎಂಟು ತಿಂಗಳಾದ ಮೇಲೆ ಒಂದು ದಿನ ಕ್ಯಾಲೆಂಡರಿನಲ್ಲಿ ನನ್ನದಲ್ಲದ, ಹಳೇ ಕಾಲದ ದುಂಡು ಅಕ್ಷರ ಕಂಡಿತು: ‘ಹುಳಿಪುಡಿ ಎರಡು ಹಿಡಿ ಇದೆ’. ಅಷ್ಟು ಮುಂಚಿತವಾಗಿ ಗೊತ್ತಾದರೆ ಬ್ಯಾಡಗಿ ಮೆಣಸಿನಕಾಯಿ ತಂದು, ಬಿಸಿಲಿಗೆ ಹಾಕಿ, ಕೊತ್ತಂಬರಿ ಬೀಜ, ಕಡಲೆಬೇಳೆ ಹುರಿದು ಮಿಲ್ಲಿಗೆ ಒಯ್ಯಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಅಂದಿನಿಂದ ಕ್ಯಾಲೆಂಡರ್ ನಮ್ಮಿಬ್ಬರದಾಯಿತು.

ಡಿಸೆಂಬರ್ ಬಂದರೆ ‘ಅವರೆ’ ಎಂಬ ಪೂರ್ತಿ ಪದ ಒಂದೆರಡು ಭಾನುವಾರಗಳ ಚೌಕವನ್ನೇ ತುಂಬುತ್ತದೆ. ಶನಿವಾರ ಸಂಜೆ ಮೂರು ಕಿಲೋ ಸೊಗಡಿನ ಕಾಯಿ ನಡುಮನೆಯಲ್ಲಿ ಹಳೆಯ ಸೀರೆಯ ಮೇಲೆ ಸುರಿದುಕೊಂಡು ಏಳೂ ಜನ ಸುತ್ತ ಕೂರುತ್ತೇವೆ. ಬಿಡಿಸಿದ ಕಾಳು ರಾತ್ರಿ ನೀರಿಗೆ. ಬೆಳಗ್ಗೆ ಒಂದೊಂದನ್ನೇ ಬೆರಳ ನಡುವೆ ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಚಿಮ್ಮುತ್ತದೆ. ಮಗಳು ಅದನ್ನು ಗುರಿಯಿಟ್ಟು ಅಣ್ಣನ ಮೂಗಿಗೇ ಚಿಮ್ಮಿಸುತ್ತಾಳೆ. ಮೈದುನ ಆಫೀಸಿನ ಕಥೆ ಹೇಳುತ್ತಾನೆ. ಮಾವ ಮಾಗಡಿ ಅವರೆಯ ಗುಣಗಾನ ಮಾಡುತ್ತಾರೆ. ಹಿತಕಿದ ಬೇಳೆ ಸಾರಿಗೆ ಇಷ್ಟು ಹೊತ್ತು ಬೇಕೇ ಎಂದು ಕೇಳಿದವರುಂಟು. ಬೇಕು. ವಾರವಿಡೀ ನಿಮಿಷ ನಿಮಿಷ ಜೋಡಿಸಿ ಉಳಿಸಿದ್ದು ಇಂಥ ಎರಡು ಗಂಟೆಯನ್ನು ಧಾರಾಳವಾಗಿ ಖರ್ಚು ಮಾಡುವುದಕ್ಕೇ.

ಮಿಲಿಟರಿಯ ಹಾಗೆ ಗಂಟೆ ಹೊಡೆಸಿ ಮನೆ ನಡೆಸುವುದು ನನಗೆ ಸೇರುವುದಿಲ್ಲ. ಜ್ವರ ಬಂದ ಮಗುವಿಗೆ, ಹೇಳದೆ ಬಂದ ಸೋದರತ್ತೆಗೆ ಜಾಗವಿಲ್ಲದ ವೇಳಾಪಟ್ಟಿ ಕೆಟ್ಟ ವೇಳಾಪಟ್ಟಿ. ಅದಕ್ಕೇ ನಮ್ಮ ಕ್ಯಾಲೆಂಡರಿನಲ್ಲಿ ವಾರಕ್ಕೊಂದು ಚೌಕ ಬೇಕೆಂದೇ ಖಾಲಿ.

ಹೋದ ಶ್ರಾವಣದಲ್ಲಿ ಕಾಲು ಉಳುಕಿ ನಾನು ಹನ್ನೆರಡು ದಿನ ಮಲಗಿದ್ದೆ. ನನ್ನ ಕೋಣೆಯ ಬಾಗಿಲಿಗೆ ಡಬ್ಬ ಯಾವುದೆಂದು ಕೇಳಿಕೊಂಡು ಯಾರೂ ಬರಲಿಲ್ಲ. ಕಾಫಿ ಹಿಡಿದು ಬಂದರು, ಕೂತು ಮಾತಾಡಿ ಹೋದರು. ಎದ್ದು ಓಡಾಡುವಂತಾದ ದಿನ ಕ್ಯಾಲೆಂಡರಿನ ಮುಂದೆ ನಿಂತೆ. ‘ನೀ’, ‘ಹಾ’, ‘ನೆ’ ಎಲ್ಲವೂ ಅವುಗಳ ಚೌಕದಲ್ಲಿದ್ದವು, ಐದು ಬೇರೆ ಬೇರೆ ಕೈಬರಹದಲ್ಲಿ.

ನಿಮ್ಮ ಮನೆಯಲ್ಲೂ ಒಂದು ಕ್ಯಾಲೆಂಡರ್ ಇದ್ದೇ ಇರುತ್ತದೆ. ಅದರ ಪಕ್ಕ ಒಂದು ಪೆನ್ಸಿಲ್ ಕಟ್ಟಿ. ಬಾಲ್‌ಪೆನ್ ಬೇಡ, ಗೋಡೆಗೆ ಅಡ್ಡ ಹಿಡಿದು ಬರೆದರೆ ಶಾಯಿ ಕೆಳಗಿಳಿಯದೆ ನಾಲ್ಕೇ ಅಕ್ಷರಕ್ಕೆ ನಿಂತುಹೋಗುತ್ತದೆ. ದಾರ ಉದ್ದವಾಗಿರಲಿ, ಮನೆಯ ಎಲ್ಲರಿಗಿಂತ ಚಿಕ್ಕವರ ಕೈಗೂ ಎಟುಕುವಷ್ಟು.